ಮೋಟಾರು ಶೆಡ್ಡಿನ ಕಚೇರಿಗೆ ವಿದ್ಯುತ್ತಿನ ಬಿಸಿ

ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿದೆ. ಡಿಸೆಂಬರ್, ಜನವರಿ ತಿಂಗಳುಗಳ ಕೆಲವು ಮುಂಜಾವಗಳಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವುದನ್ನು ನೀಲಗಿರಿಯ ವಿದ್ಯಾರ್ಥಿಗಳು ಬಲ್ಲರು. ಅಂಥ ಊರಿನಲ್ಲಿ ಮೋಟಾರು ಶೆಡ್ಡೊಂದನ್ನು ಕಚೇರಿಯಾಗಿ ಮಾರ್ಪಡಿಸಿದರೆ ಅದನ್ನು ಬೆಚ್ಚಗಿಡುವ ಉಪಾಯವೇನು? ಈ ಪ್ರಶ್ನೆಯನ್ನು ಲೆಕ್ಕ ಹಾಕಿ ವಿಚಾರಿಸೋಣ.

ಮೊದಲಿಗೆ ಒಂದು ಎಚ್ಚರಿಕೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯನ್ನು ಎಂದಿಗೂ ಇಡಕೂಡದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮತ್ತೆ ಏಳದಿರಬಹುದು. ವಿದ್ಯುತ್ತಿನ ಹೀಟರಿಗೆ ಈ ದೋಷವಿಲ್ಲ.

ವಿದ್ಯುತ್ಪ್ರವಾಹದಿಂದ ತಂತಿಯಲ್ಲಿ ಹುಟ್ಟುವ ಉಷ್ಣದ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ 1841ರಲ್ಲಿ ಪ್ರಕಟಿಸಿದನು. ಕೆಂಪಗೆ ಕಾಯುವ ಸರಳಿನ ಹೀಟರಾಗಲಿ, ಗಾಳಿಯನ್ನೂದುವ ಹೀಟರಾಗಲಿ, ಎಣ್ಣೆ ತುಂಬಿದ ಹೀಟರಾಗಲಿ, ಒಂದು ಯೂನಿಟ್ ವಿದ್ಯುತ್ತಿನಿಂದ ಕೊಡುವ ಉಷ್ಣ ಒಂದೇ: ಸುಮಾರು 860 ಕಿಲೊಕ್ಯಾಲೊರಿ. ಬೆಲೆ ಹೆಚ್ಚಿದ ಮಾತ್ರಕ್ಕೆ ಬಿಸಿ ಹೆಚ್ಚದು. ಸರಳಿನ ಹೀಟರು ಎದುರಿಗೆ ಕುಳಿತವನನ್ನು ಕೂಡಲೇ ಬೆಚ್ಚಗಾಗಿಸುತ್ತದೆ. ಎಣ್ಣೆಯದು ನಿಧಾನವಾಗಿ ಕಾದು, ಆರಿಸಿದ ಮೇಲೂ ಕೆಲಹೊತ್ತು ಬಿಸಿಯಾಗಿರುತ್ತದೆ. ಬಿಸಿಯನ್ನೂ ಕೊಡಬಲ್ಲ ಹವಾನಿಯಂತ್ರಣ ಯಂತ್ರವೊಂದು ಮಾತ್ರ ಹೊರಗಿನ ಗಾಳಿಯ ಉಷ್ಣವನ್ನು ಒಳಕ್ಕೆ ಸಾಗಿಸುವುದರಿಂದ, ಒಂದು ಯೂನಿಟ್ಟಿಗೆ ಎರಡು ಮೂರು ಪಟ್ಟು ಬಿಸಿ ನೀಡುತ್ತದೆ. ಆದರೆ ಕೊಳ್ಳುವ ಖರ್ಚು ದೊಡ್ಡದು.

ಈಗ ಲೆಕ್ಕಕ್ಕೆ ಬರೋಣ. ಶೆಡ್ಡಿನ ಉದ್ದ 6 ಮೀಟರು, ಅಗಲ 3 ಮೀಟರು, ಎತ್ತರ 2.5 ಮೀಟರು, ಒಳಗಿನ ಗಾಳಿ 45 ಘನ ಮೀಟರು. ಇಷ್ಟು ಗಾಳಿಯನ್ನು 8 ಡಿಗ್ರಿಯಿಂದ 18 ಡಿಗ್ರಿಗೆ ಏರಿಸಲು ಸುಮಾರು 0.15 ಯೂನಿಟ್ ಸಾಕು. ಹಾಗಾದರೆ ಬಿಲ್ಲು ಏಕೆ ಏರುತ್ತದೆ? ಬಿಸಿಯು ಸೋರಿಹೋಗುವುದರಿಂದ. ತಗಡಿನ ಮೂಲಕ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ ಸುಮಾರು 6 ವಾಟ್ ಹೊರಹೋಗುತ್ತದೆನ್ನೋಣ. 18 ಚದರ ಮೀಟರಿನ ತಗಡಿನ ಛಾವಣಿಯಿಂದ 1,080 ವಾಟ್, 5 ಚದರ ಮೀಟರಿನ ತಗಡಿನ ಬಾಗಿಲಿನಿಂದ 300 ವಾಟ್, ಒಟ್ಟು 1,380. ಗೋಡೆ, ನೆಲ, ಸಂದುಗಳ ನಷ್ಟ ಬೇರೆ. 1,000 ವಾಟಿನ ಹೀಟರು ಎಷ್ಟು ಹೊತ್ತು ಉರಿದರೂ ಅಂಥ ಕೋಣೆ 18 ಡಿಗ್ರಿಗೆ ಏರದು!

ಆದಕಾರಣ ಮೊದಲ ಹಣವು ಹೀಟರಿಗಲ್ಲ, ಛಾವಣಿಗೆ ಸಲ್ಲಬೇಕು. ತಗಡಿನ ಕೆಳಗೆ ಉಷ್ಣನಿರೋಧಕ ಪದರವನ್ನೂ ಹಲಗೆಯನ್ನೂ ಹೊದಿಸಿ, ಬಾಗಿಲಿನ ಸಂದುಗಳನ್ನು ಮುಚ್ಚಬೇಕು. ಉಸಿರಾಟಕ್ಕಾಗಿ ಗವಾಕ್ಷಿಯೊಂದನ್ನು ಉಳಿಸಬೇಕು. ಆಮೇಲೆ, ದಿನಕ್ಕೆ ಒಂದು ಗಳಿಗೆ ಕೂರುವವರು ಸರಳಿನ ಹೀಟರನ್ನೂ, ಇಡೀ ದಿನ ಕೆಲಸ ಮಾಡುವವರು ಎಣ್ಣೆಯ ಹೀಟರನ್ನೋ ಯಂತ್ರವನ್ನೋ ಆರಿಸಲಿ.

2,000 ವಾಟಿನ ಹೀಟರು 230 ವೋಲ್ಟಿನಲ್ಲಿ ಸುಮಾರು 8.7 ಆಂಪೇರ್ ಎಳೆಯುತ್ತದೆ. ದೀಪದ 6 ಆಂಪೇರ್ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರೆ ತಂತಿ ಕಾದು ಬೆಂಕಿ ಹತ್ತೀತು. 16 ಆಂಪೇರಿನ ಸಾಕೆಟ್ಟು, ಪ್ರತ್ಯೇಕ ತಂತಿ, ಅರ್ಥಿಂಗ್ ಇವು ಅವಶ್ಯ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಒಂದು ಕೋಣೆಯನ್ನು ಅಳೆದು ಇದೇ ಲೆಕ್ಕವನ್ನು ಮಾಡಿ ತಂದೆತಾಯಿಗಳಿಗೆ ತೋರಿಸಿರಿ. ತೂತಿನ ಕೊಡಕ್ಕೆ ನೀರು ಹೊಯ್ಯುವ ಮುನ್ನ ತೂತನ್ನು ಮುಚ್ಚುವುದೇ ಜಾಣತನ.