ಬೆಟ್ಟ ಹತ್ತಿಸುವುದೂ ಕಡಲಿಗಿಳಿಸುವುದೂ ಉದ್ಯೋಗವೇ?

"ಸಿಸ್ಟರ್, ಭಾನುವಾರ ಬಂದ್ರೆ ನನ್ನ ಮಗ ಬೆಂಗಳೂರಿನವರಿಗೆ ಬೆಟ್ಟದ ದಾರಿ ತೋರಿಸೋಕೆ ಹೋಗ್ತಾನೆ. ಅದೂ ಒಂದು ಕೆಲಸಾನಾ?" ಶಿವಗಂಗೆಯ ಸ್ವಸಹಾಯ ಸಂಘದ ಸಭೆಯಲ್ಲಿ ಒಬ್ಬ ತಾಯಿ ಕೇಳಿದ ಪ್ರಶ್ನೆ ಇದು.

ಕೆಲಸವೇ, ಅಮ್ಮಾ. ಆದರೆ ದಾರಿ ಗೊತ್ತಿರುವುದು ಬೇರೆ, ಹತ್ತು ಜನರ ಜೀವದ ಹೊಣೆ ಹೊರುವುದು ಬೇರೆ. ಒಳಕಲ್ಲು ತೀರ್ಥ ದಾಟಿ ಮೇಲಿನ ನಂದಿಯ ಕಡೆ ಹೋದಂತೆ ಬಂಡೆ ಕಡಿದಾಗುತ್ತದೆ, ಮಳೆ ಬಿದ್ದರೆ ಜಾರುತ್ತದೆ. ಸುಸ್ತಾದವರನ್ನು ಎಲ್ಲಿಂದ ವಾಪಸ್ ಕಳಿಸಬೇಕು, ಕಾಲು ಮುರಿದವರನ್ನು ಹೇಗೆ ಇಳಿಸಬೇಕು ಎಂದು ಕಲಿತವರೇ ತಂಡದ ನಾಯಕರು.

ಎಲ್ಲಿ ಕಲಿಯಬಹುದು?

ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿ, ಬೆಂಗಳೂರಿನಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಬಂಡೆ ಹತ್ತುವುದು, ಜಲಸಾಹಸ ಮುಂತಾದ ತರಬೇತಿಗಳ ಬಗ್ಗೆ ಮೊದಲು ಅಲ್ಲಿ ವಿಚಾರಿಸಿ. ಮುಂದೆ ಹೋಗುವವರಿಗೆ ಡಾರ್ಜಿಲಿಂಗ್‌ನಲ್ಲಿ 1954ರಲ್ಲಿ, ಉತ್ತರಕಾಶಿಯಲ್ಲಿ 1965ರಲ್ಲಿ ಶುರುವಾದ ಪರ್ವತಾರೋಹಣ ಸಂಸ್ಥೆಗಳಿವೆ. ಮೂಲ ತರಬೇತಿ ಸುಮಾರು ನಾಲ್ಕು ವಾರ. ಅದರಲ್ಲಿ 'ಎ' ಶ್ರೇಣಿ ಬಂದರೆ ಉನ್ನತ ತರಬೇತಿ, ಆಮೇಲೆ ಇತರರಿಗೆ ಕಲಿಸುವ ತರಬೇತಿ.

ಕಡಲಿನ ಮಾತು

ನಮ್ಮ ಹುಡುಗರು ಮೊಬೈಲಿನಲ್ಲಿ ನೋಡಿ ಸ್ಕೂಬಾ ಡೈವಿಂಗ್ ಬಗ್ಗೆಯೂ ಕೇಳುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಉಸಿರಾಡುವ ವಿದ್ಯೆ ಅದು. ನಮ್ಮ ರಾಜ್ಯದಲ್ಲಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ ಇದಕ್ಕೆ ಹೆಸರಾದ ಜಾಗ.

ಒಂದು ದಿನ ಮುಳುಗಿಸಿ ಕೊಡುವ ಕಾಗದ ಅನುಭವಕ್ಕೆ ಮಾತ್ರ, ಉದ್ಯೋಗಕ್ಕಲ್ಲ. ಹಲವೆಡೆ ನಡೆಯುವ ಪ್ಯಾಡಿ ಕ್ರಮದಲ್ಲಿ ಮೊದಲ ಮೆಟ್ಟಿಲಿಗೇ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು, ಕಡಲಿನಂಥ ತೆರೆದ ನೀರಿನಲ್ಲಿ ನಾಲ್ಕು ಸಲ ಮುಳುಗಬೇಕು. ಆಗ 18 ಮೀಟರ್ ಆಳದವರೆಗೆ ಹೋಗಬಹುದು. ಸಂಬಳದ ಕೆಲಸಕ್ಕೆ ಮೊದಲ ಬಾಗಿಲು ಡೈವ್ ಮಾಸ್ಟರ್ ಹಂತ. ಅದಕ್ಕೆ 18 ವರ್ಷ ತುಂಬಿರಬೇಕು, ಮುಗಿಸುವಾಗ 60 ಮುಳುಗು ದಾಖಲಾಗಿರಬೇಕು. ಶಿಕ್ಷಕರಾಗಲು 100 ಬೇಕು. ಪ್ರತಿ ಹಂತಕ್ಕೂ ಬೇರೆ ಶುಲ್ಕ. ಮಳೆಗಾಲದಲ್ಲಿ ನೇತ್ರಾಣಿಯ ಕೆಲಸ ನಿಲ್ಲುತ್ತದೆ, ಆಗ ಸಂಪಾದನೆಯೂ ಇಲ್ಲ.

ಆದ್ದರಿಂದ ಓಲೆ ಅಡವಿಟ್ಟು ಕಡಲಿಗೆ ಓಡಬೇಡಿ. ಮೊದಲು ಈಜು, ಪ್ರಥಮ ಚಿಕಿತ್ಸೆ. ಆಮೇಲೆ ಬೆಟ್ಟದ ತರಬೇತಿ. ಕೈಯಲ್ಲಿ ಒಂದು ದುಡಿಮೆ ನಿಂತ ಮೇಲೆ ಕಡಲು. ನಮ್ಮ ಮಕ್ಕಳಿಗೆ ಬಂಡೆಯ ಗುಣ ಹುಟ್ಟಿನಿಂದ ಗೊತ್ತು, ಅದೇ ಅವರ ಬಂಡವಾಳ. ಹೆಣ್ಣುಮಕ್ಕಳನ್ನೂ ಕಳಿಸಿ. ಶಾಲೆ ಕಾಲೇಜಿನ ಹುಡುಗಿಯರ ತಂಡಕ್ಕೆ ನಾಯಕಿ ಇದ್ದರೆ ಅವರ ಮನೆಯವರಿಗೂ ಧೈರ್ಯ.

ಸಂಘದಲ್ಲಿ ಚರ್ಚಿಸಿ

1. ನಮ್ಮೂರಲ್ಲಿ ಈಜು ಬಲ್ಲವರು ಎಷ್ಟು ಮಂದಿ? ಅವರಲ್ಲಿ ಹುಡುಗಿಯರೆಷ್ಟು?
2. ಬೆಟ್ಟದ ಮೇಲೆ ಯಾರಾದರೂ ಬಿದ್ದರೆ ಈಗ ಮೊದಲು ಓಡುವವರು ಯಾರು? ಅವರಿಗೆ ಪ್ರಥಮ ಚಿಕಿತ್ಸೆ ಗೊತ್ತೇ?
3. ಶುಲ್ಕ ಕಟ್ಟುವ ಮೊದಲು ಯಾವ ಯಾವ ಪ್ರಶ್ನೆ ಕೇಳಬೇಕು?