ನಂದಿಯ ತಪ್ಪಲಿನ ದ್ರಾಕ್ಷಾತೋಟಗಳ ಸಂದರ್ಶನವೂ ಜಿನನಾಥಪುರದ ಕಡೆಯ ಜಮೀನುದಾರರೂ

ರಾಗಿ, ತೆಂಗು, ಆಲೂಗೆಡ್ಡೆಗಳನ್ನು ನೆಚ್ಚಿಕೊಂಡಿರುವ ಜಮೀನುದಾರನ ಕಿವಿಗೆ ಹೊಸ ಬೆಳೆಯೊಂದರ ಲಾಭದ ಮಾತು ಬಿದ್ದಾಗ, ಆ ಬೆಳೆಯಿರುವ ಸೀಮೆಗೆ ಹೋಗಿ ಅದನ್ನು ಕಣ್ಣಾರೆ ನೋಡಿ ಬರುವುದು ಮೊದಲನೆಯ ಕರ್ತವ್ಯ. ಈಚೆಗೆ ವೈನ್ ಎಂಬ ದ್ರಾಕ್ಷಾಮದ್ಯದ ತೋಟಗಳನ್ನೂ ಕಾರ್ಖಾನೆಗಳನ್ನೂ ಸಂದರ್ಶಕರಿಗೆ ತೋರಿಸಿ, ರುಚಿ ನೋಡಿಸಿ ಕಳುಹಿಸುವ ಪದ್ಧತಿ ನಂದಿಬೆಟ್ಟದ ತಪ್ಪಲಿನಲ್ಲಿ ರೂಢಿಗೆ ಬಂದಿದೆ. ಪಟ್ಟಣಿಗರಿಗೆ ಇದು ವಿಹಾರ. ಬೇಸಾಯಗಾರನಿಗೆ ಇದು ಪಾಠವಾಗಬೇಕು.

1. ಸೀಮೆಯ ಪರಿಚಯ

ನಂದಿಬೆಟ್ಟದ ಎತ್ತರ ಸುಮಾರು 1,478 ಮೀಟರು. ಅದರ ಸುತ್ತಣ ಬಯಲಿನಲ್ಲಿ ಹಗಲು ಬಿಸಿಲು ಚೆನ್ನಾಗಿದ್ದು ರಾತ್ರಿ ತಂಪಾಗಿರುವುದರಿಂದ ಹಣ್ಣಿನಲ್ಲಿ ಸಕ್ಕರೆಯೊಡನೆ ಹುಳಿಯೂ ಉಳಿಯುತ್ತದೆ. ಬೆಂಗಳೂರು ನೀಲಿ ಎಂಬ ದ್ರಾಕ್ಷಿ ಇಲ್ಲಿ ಬಹುಕಾಲದಿಂದ ಬೆಳೆಯುತ್ತಿದೆ. 1988ರಲ್ಲಿ ಕಂವಲ್ ಗ್ರೋವರ್ ಅವರು ಫ್ರಾನ್ಸಿನ ಜಾತಿಗಳನ್ನು ಬೆಳೆಸಿ ಮದ್ಯ ತಯಾರಿಸುವ ಉದ್ಯಮವನ್ನು ಈ ತಪ್ಪಲಿನಲ್ಲಿ ಸ್ಥಾಪಿಸಿದರು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯಲ್ಲಿ ರಘುನಾಥಪುರದ ಬಳಿ ಅದರ ಕಾರ್ಖಾನೆಯಿದೆ. 2007ರಲ್ಲಿ ಸರ್ಕಾರವು ದ್ರಾಕ್ಷಿ ಸಂಸ್ಕರಣೆಯನ್ನೂ ವೈನ್ ಉದ್ಯಮವನ್ನೂ ಕುರಿತ ನೀತಿಯನ್ನು ಪ್ರಕಟಿಸಿ, ನಂದಿ ಕಣಿವೆ, ಕೃಷ್ಣಾ ಕಣಿವೆ ಮೊದಲಾದ ಪ್ರದೇಶಗಳಿಗೆ ಪ್ರೋತ್ಸಾಹವಿತ್ತಿತು.

2. ತೋಟದಲ್ಲಿ ಗಮನಿಸತಕ್ಕದ್ದು

ದಾರಿ ತೋರಿಸುವವನು ಮೊದಲು ಬಳ್ಳಿಗಳ ಸಾಲಿಗೆ ಕರೆದೊಯ್ಯುತ್ತಾನೆ. ಸಂದರ್ಶಕನು ಕಂಬ, ತಂತಿ, ಹನಿನೀರಾವರಿಯ ಕೊಳವೆಗಳನ್ನು ಎಣಿಸಿ ನೋಡಲಿ. ಫಲ ಕೈಗೆ ಬರುವ ಮುಂಚೆ ಹೂಡಬೇಕಾದ ಬಂಡವಾಳ ಅಲ್ಲಿಯೇ ಅರ್ಥವಾಗುವುದು. ಬಳ್ಳಿಯನ್ನು ವರ್ಷಕ್ಕೆರಡು ಬಾರಿ ಸವರಬೇಕು. ಏಪ್ರಿಲಿನ ಸವರಿಕೆ ಕಡ್ಡಿ ಬಲಿಯುವುದಕ್ಕೆ. ಸೆಪ್ಟೆಂಬರ್ ಅಕ್ಟೋಬರಿನದು ಹಣ್ಣಿಗೆ. ಕೊಯ್ಲು ಬೇಸಿಗೆಯ ಮೊದಲಿನಲ್ಲಿ ಬರುತ್ತದೆ.

ಹಿಂಗಾರು ಮಳೆ ಹೆಚ್ಚಿದರೆ ಬೂಜು ರೋಗ ತಗಲುವುದು. ಇದಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಇದು ಮಲೆನಾಡಿನ ಅಡಿಕೆಯವರಿಗೆ ಹಳೆಯ ಮಿತ್ರನೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಂತೆ ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ಪಂಡಿತನು ಕಂಡು 1885ರಲ್ಲಿ ಪ್ರಕಟಿಸಿದನು. ಅದನ್ನೇ ಮೈಸೂರು ಸೀಮೆಯಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿದರು. ನೂರು ಲೀಟರು ನೀರಿಗೆ ಮೈಲುತುತ್ತ 1 ಕಿಲೋಗ್ರಾಂ, ಸುಣ್ಣ 1 ಕಿಲೋಗ್ರಾಂ ಎಂಬುದು ಶೇಕಡ ಒಂದರ ಪ್ರಮಾಣ.

3. ಕಾರ್ಖಾನೆಯಲ್ಲಿ

ರಸದ ನೂರು ಭಾಗದಲ್ಲಿ 22ರಿಂದ 24 ಭಾಗ ಸಕ್ಕರೆಯಾದಾಗ ಹಣ್ಣನ್ನು ಬೆಳಗಿನ ತಂಪಿನಲ್ಲಿ ಕೊಯ್ದು ತಡಮಾಡದೆ ಸಾಗಿಸುತ್ತಾರೆ. ಬಿಳಿಯ ಮದ್ಯಕ್ಕೆ ಹಣ್ಣನ್ನು ಹಿಂಡಿ ರಸವನ್ನು ಮಾತ್ರ ಹುದುಗಿಸುವರು. ಕೆಂಪಿಗೆ ಸಿಪ್ಪೆಯೊಡನೆಯೇ ಹುದುಗಿಸುವರು. ಬಣ್ಣವೂ ಒಗರೂ ಸಿಪ್ಪೆಯಿಂದಲೇ ಬರತಕ್ಕವು. ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಕೆಲವನ್ನು ಬಳಿಕ ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುವರು.

4. ರುಚಿ ನೋಡುವ ಕ್ರಮ

ಮೊದಲು ಬಟ್ಟಲನ್ನು ಬೆಳಕಿಗೆ ಹಿಡಿದು ಬಣ್ಣ ನೋಡುವರು. ಅನಂತರ ತುಸು ಸುತ್ತಿಸಿ ಮೂಸುವರು. ಕಡೆಗೆ ಒಂದು ಗುಟುಕನ್ನು ನಾಲಗೆಯ ಮೇಲೆ ಹೊರಳಿಸುವರು. ಲಘುವಾದ ಬಿಳಿಯದು ಮೊದಲು, ಗಾಢವಾದ ಕೆಂಪು ಕಡೆಗೆ. ಎಳೆಯ ಅಡಿಕೆಯನ್ನು ಅಗಿದಾಗ ಬಾಯಿ ಒಗರಾಗುವಂತೆಯೇ ಕೆಂಪಿನಲ್ಲಿಯೂ ಆಗುವುದು. ಗುಟುಕನ್ನು ನುಂಗದೆ ಉಗುಳುವುದಕ್ಕೆ ಪಾತ್ರೆಯಿಡುವುದು ರುಚಿಪರೀಕ್ಷಕರ ವಾಡಿಕೆ. ಮದ್ಯತ್ಯಾಗವು ಜೈನ ಗೃಹಸ್ಥರ ಮೂಲಗುಣಗಳಲ್ಲೊಂದು. ಶ್ರವಣಬೆಳಗೊಳದ ನೆರೆಯ ಜಿನನಾಥಪುರದವರಿಗೆ ಇದನ್ನು ಹೇಳಬೇಕಾದುದಿಲ್ಲ. ಕುಡಿಯದವರು ವಾಸನೆ, ಬಣ್ಣಗಳಿಂದಲೇ ಜಾತಿಗಳ ಭೇದವನ್ನು ಗ್ರಹಿಸಬಹುದು. ರುಚಿ ನೋಡಿದವನು ವಾಹನ ನಡೆಯಿಸತಕ್ಕದ್ದಲ್ಲ.

5. ಹಾಸನ ಸೀಮೆಗೆ ಎಷ್ಟು ಅನ್ವಯ?

ಅರಕಲಗೂಡಿನ ಮಲೆನಾಡ ಸೆರಗಿಗಿಂತ ಚನ್ನರಾಯಪಟ್ಟಣದ ಬಯಲು ಒಣಹವೆಯದು. ನೀರು ನಿಲ್ಲದ ಕೆಮ್ಮಣ್ಣು ಬಳ್ಳಿಗೆ ಒಗ್ಗುವುದು. ಆದರೆ ಕೇವಲ ಮಣ್ಣಿನಿಂದ ಲಾಭವಾಗದು. ವೈನಿನ ದ್ರಾಕ್ಷಿ ಸಣ್ಣದು, ಬೀಜವುಳ್ಳದ್ದು. ಕಾರ್ಖಾನೆ ಕೊಳ್ಳದಿದ್ದರೆ ಸಂತೆಯಲ್ಲಿ ಕೇಳುವವರಿಲ್ಲ. ಕೊಯ್ದ ಹಣ್ಣು ದೂರಪ್ರಯಾಣವನ್ನು ಸಹಿಸದು, ಬಳ್ಳಿಯಾದರೋ ಒಮ್ಮೆ ನೆಟ್ಟರೆ ಹತ್ತಾರು ವರ್ಷ ಭೂಮಿಯನ್ನು ಹಿಡಿದಿರುವುದು. ಒಂದು ವರ್ಷ ಕೊಳ್ಳುವವನು ಹಿಂದೆಗೆದರೆ ಸಾಲ ಮಾತ್ರ ಉಳಿಯುವುದು.

ಆದ್ದರಿಂದ ಗ್ರಾಮದ ಮುಖಂಡರು ನಾಲ್ಕಾರು ಮಂದಿ ಬೇಸಾಯಗಾರರನ್ನು ಕೊಯ್ಲಿನ ಕಾಲದಲ್ಲಿ ನಂದಿಯ ಕಡೆಗೆ ಕರೆದೊಯ್ದು, ಕಾರ್ಖಾನೆಯವರನ್ನಲ್ಲದೆ ಅವರಿಗೆ ಹಣ್ಣು ಒದಗಿಸುವ ರೈತರನ್ನೂ ಪ್ರತ್ಯೇಕವಾಗಿ ವಿಚಾರಿಸುವುದು ಲೇಸು. ಬೆಲೆಯನ್ನು ಯಾರು ಗೊತ್ತುಮಾಡುವರು, ಸಕ್ಕರೆ ಕಡಮೆಯಾದರೆ ಎಷ್ಟು ಕಡಿತ, ಹಣ ಎಷ್ಟು ದಿನಕ್ಕೆ ಕೈಸೇರುವುದು ಎಂಬ ಮೂರು ಪ್ರಶ್ನೆಗಳನ್ನು ಮರೆಯತಕ್ಕದ್ದಲ್ಲ. ಲಿಖಿತ ಕರಾರಿಲ್ಲದೆ ಒಂದು ಬಳ್ಳಿಯನ್ನೂ ನೆಡಬಾರದು. ಕರಾರಾದ ಮೇಲೂ ಮಣ್ಣನ್ನೂ ಬಾವಿಯ ನೀರನ್ನೂ ಪರೀಕ್ಷೆ ಮಾಡಿಸಿ, ತಾಲ್ಲೂಕಿನ ತೋಟಗಾರಿಕೆ ಅಧಿಕಾರಿಗಳ ಸಲಹೆ ಪಡೆದು, ಅರ್ಧ ಎಕರೆಯಿಂದ ಆರಂಭಿಸತಕ್ಕದ್ದು. ತೆಂಗಿನ ಸಾಲನ್ನು ಕಡಿದು ದ್ರಾಕ್ಷಿ ನೆಡುವ ಆತುರ ಯಾರಿಗೂ ಬೇಡ.