ಕಣ್ಣು ಕಾಣದವರ ಕೈಗೆ ಹೊಸ ಒಲೆ

ದೃಷ್ಟಿ ಕಳೆದುಕೊಂಡ ಗೃಹಿಣಿಯ ಕೈಯಿಂದ ಮನೆಯವರು ಮೊದಲು ತೆಗೆದುಕೊಳ್ಳುವುದು ಸೌಟನ್ನು. ‘ಅತ್ತೆ, ನೀವು ಸುಮ್ನೆ ಕೂತ್ಕೊಳಿ, ಕೈಗಿಯ್ ಸುಟ್ಕೊಂಡೀರಿ’ ಎನ್ನುವ ಸೊಸೆಯ ಮಾತಿನಲ್ಲಿ ಪ್ರೀತಿಯೇ ಇದೆ. ಆದರೆ ಮೂವತ್ತು ನಲವತ್ತು ವರ್ಷ ಮನೆಮಂದಿಗೆಲ್ಲ ಮುದ್ದೆ, ಸಾರು ಬಡಿಸಿದ ಕೈ ಒಮ್ಮೆಗೇ ಕೆಲಸವಿಲ್ಲದೆ ಕುಳಿತರೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ‘ನಾನು ಯಾರಿಗೂ ಬೇಡ’ ಎಂಬ ಕೊರಗು ಹಿಡಿಯುತ್ತದೆ. ಮಧುಮೇಹದಿಂದ ದೃಷ್ಟಿ ಹೋದವರಿಗೆ ಇನ್ನೂ ಒಂದು ಅಪಾಯವಿದೆ. ಮನೆಯವರೆಲ್ಲ ಹೊಗೆಸೊಪ್ಪಿನ ಹೊಲಕ್ಕೆ ಹೋಗಿರುತ್ತಾರೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಊಟಕ್ಕಾಗಿ ಇನ್ನೊಬ್ಬರ ದಾರಿ ಕಾಯುತ್ತ ಕುಳಿತರೆ ರಕ್ತದಲ್ಲಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ತನ್ನ ಊಟವನ್ನು ತಾನೇ ಬಿಸಿ ಮಾಡಿಕೊಳ್ಳುವುದು ಅವರ ಪಾಲಿಗೆ ಔಷಧಿಯಷ್ಟೇ ಮುಖ್ಯ.

ಗಾವಡಗೆರೆ ಸುತ್ತಿನ ಹಳ್ಳಿಗಳಲ್ಲಿ ಈಗ ಸೌದೆ ಒಲೆಯ ಜೊತೆಗೆ ಗ್ಯಾಸ್ ಇದೆ, ಇಂಡಕ್ಷನ್ ಒಲೆಯೂ ಇದೆ. ಪಟ್ಟಣದಲ್ಲಿರುವ ಮಕ್ಕಳು ತಂದಿಟ್ಟ ಮೈಕ್ರೋವೇವ್ ಓವನ್ ಕೂಡ ಕೆಲವು ಮನೆಗಳಲ್ಲಿದೆ. ಇವೆರಡರಲ್ಲೂ ಉರಿ ಇಲ್ಲ, ಸೆರಗಿಗೆ ಬೆಂಕಿ ಹತ್ತುವ ಭಯವಿಲ್ಲ. ತೊಡಕು ಒಂದೇ: ಗುಂಡಿಯಿರಬೇಕಾದ ಕಡೆ ನುಣುಪಾದ ಗಾಜು. ಬೆರಳಿಗೆ ಏನೂ ತಿಳಿಯುವುದಿಲ್ಲ. ಎಲ್ಲರೂ ಬಳಸಬಹುದಾದ ಗೃಹಬಳಕೆಯ ವಸ್ತುಗಳ ತಯಾರಿಕೆಗೆ ಸರ್ಕಾರ ಉತ್ತೇಜನ ನೀಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅಂಥ ವಸ್ತುಗಳು ಅಂಗಡಿಗೆ ಬರುವ ತನಕ ಕಾಯಬೇಕಿಲ್ಲ. ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು ಬಹಳಷ್ಟಿದೆ.

ಮೊದಲು ಮೂರು ಪರೀಕ್ಷೆ

1. ಕಣ್ಣು: ದೃಷ್ಟಿ ಹೋಗಿರುವುದು ಪೊರೆಯಿಂದಲೇ ಎಂದು ತಿಳಿದುಕೊಳ್ಳಿ. ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳಬಹುದು. ಹುಣಸೂರಿನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲೋ ತೋರಿಸದೆ ‘ವಯಸ್ಸಾಯಿತು’ ಎಂದು ಬಿಡಬೇಡಿ.

2. ಬೆರಳು: ಹಳೆಯ ಮಧುಮೇಹದಲ್ಲಿ ನರಗಳು ಸೊರಗಿ ಪಾದ ಜೋಮು ಹಿಡಿಯುತ್ತದೆ. ಕೆಲವರಿಗೆ ಬೆರಳ ತುದಿಯೂ ಮರಗಟ್ಟುತ್ತದೆ. ಅಂಥವರಿಗೆ ಪಾತ್ರೆಯ ಬಿಸಿ ತಿಳಿಯುವ ಹೊತ್ತಿಗೆ ಚರ್ಮ ಬೆಂದಿರುತ್ತದೆ. ವೈದ್ಯರಲ್ಲಿ ಸ್ಪರ್ಶಜ್ಞಾನವನ್ನು ಪರೀಕ್ಷಿಸಿಕೊಂಡ ಮೇಲೆಯೇ ಒಲೆಯ ಹತ್ತಿರ ಹೋಗಬೇಕು.

3. ಮೂಗು: ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದೇ ಈಥೈಲ್ ಮರ್‌ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ವಯಸ್ಸಾದಂತೆ ಘ್ರಾಣಶಕ್ತಿ ಕುಗ್ಗುತ್ತದೆ. ಕಾಫಿಪುಡಿಯ ಡಬ್ಬಿ ಮೂಗಿನ ಬಳಿ ಹಿಡಿದರೂ ವಾಸನೆ ತಿಳಿಯದವರು ಒಬ್ಬರೇ ಇರುವಾಗ ಗ್ಯಾಸ್ ಒಲೆ ಬಳಸಬಾರದು.

ಬೆರಳಿಗೆ ತಿಳಿಯುವ ಗುರುತು

ಹೊಸದಾಗಿ ಕೊಳ್ಳುವವರು ತಿರುಗಿಸುವ ಗುಂಡಿ ಅಥವಾ ಒತ್ತಿದರೆ ಒಳಗೆ ಹೋಗುವ ಬಟನ್ ಇರುವುದನ್ನೇ ಕೇಳಿ ಪಡೆಯಿರಿ. ಮುಟ್ಟಿದರೇ ಚಾಲೂ ಆಗುವ ಗಾಜಿನ ಫಲಕ ಈಗಾಗಲೇ ಮನೆಯಲ್ಲಿದ್ದರೆ ಬಟನ್ನಿನ ಮೇಲಲ್ಲ, ಅದರ ಪಕ್ಕದಲ್ಲಿ ಉಬ್ಬಿದ ಗುರುತು ಹಾಕಿ. ಎಂ-ಸೀಲಿನ ಸಣ್ಣ ಚುಕ್ಕಿ ಇದಕ್ಕೆ ಸಾಕು. ಚಾಲೂ ಮಾಡಲು ಒಂದು ಚುಕ್ಕಿ, ನಿಲ್ಲಿಸಲು ಎರಡು, ಶಾಖ ಏರಿಸಲು ಮೂರು. ಇದಕ್ಕಿಂತ ಹೆಚ್ಚು ಬೇಡ. ಗುರುತು ಹೆಚ್ಚಿದಷ್ಟೂ ಗೊಂದಲ. ಪಾತ್ರೆ ಇಡುವ ಜಾಗದಲ್ಲಿ ಏನನ್ನೂ ಅಂಟಿಸಬಾರದು.

ಇಂಡಕ್ಷನ್ ಒಲೆ

ಈ ಒಲೆ ಕಾಂತಕ್ಷೇತ್ರದಿಂದ ಪಾತ್ರೆಯ ತಳವನ್ನೇ ಕಾಯಿಸುತ್ತದೆ. ಆಯಸ್ಕಾಂತ ಅಂಟುವ ತಳವಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಪಾತ್ರೆಯನ್ನು ಇಟ್ಟ ಮೇಲೆಯೇ ಸ್ವಿಚ್ ಹಾಕಿ. ಅಡುಗೆ ಮುಗಿದೊಡನೆ ಗೋಡೆಯ ಸ್ವಿಚ್ ಆರಿಸಬೇಡಿ. ಮೊದಲು ಒಲೆಯ ಬಟನ್ ಆರಿಸಿ, ಒಳಗಿನ ಫ್ಯಾನಿನ ಸದ್ದು ನಿಂತ ಮೇಲೆ ಗೋಡೆಯ ಸ್ವಿಚ್ ತೆಗೆಯಿರಿ. ಉರಿ ಇಲ್ಲದಿದ್ದರೂ ಪಾತ್ರೆಯ ಬಿಸಿಯಿಂದ ಗಾಜು ಸುಡುವಷ್ಟು ಕಾದಿರುತ್ತದೆ. ಸದ್ದು ನಿಂತರೂ ಬಿಸಿ ಉಳಿದಿರಬಹುದು, ಗಾಜನ್ನು ತಡವಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಸುಮಾರು ಎರಡಡಿ ದೂರವಿರಬೇಕು. ತಮ್ಮ ವೈದ್ಯರನ್ನೂ ಕೇಳಬೇಕು.

ಹಿಟ್ಟು ತೊಳಸಿ ಮುದ್ದೆ ಮಾಡಲು ಈ ಒಲೆ ತಕ್ಕದ್ದಲ್ಲ, ನುಣುಪು ಗಾಜಿನ ಮೇಲೆ ಪಾತ್ರೆ ಜಾರುತ್ತದೆ. ಸಾರು, ಅನ್ನ, ಹಾಲು, ಕಾಫಿಗೆ ಒಳ್ಳೆಯದು. ಎಸರು ಕುದಿಯುವ ಸದ್ದು, ಒಗ್ಗರಣೆಯ ಸಾಸಿವೆ ಸಿಡಿಯುವ ಸದ್ದು ಅನುಭವಸ್ಥ ಕಿವಿಗೆ ಹೊಸದೇನಲ್ಲ.

ಮೈಕ್ರೋವೇವ್ ಮತ್ತು ಓವನ್

ಒಂದು ಹೊತ್ತಿನ ಊಟ ಬಿಸಿ ಮಾಡಿಕೊಳ್ಳಲು ಮೈಕ್ರೋವೇವ್ ಅತಿ ಸುಲಭ. ಅನೇಕ ಓವನ್‌ಗಳಲ್ಲಿ ‘ಸ್ಟಾರ್ಟ್’ ಬಟನ್ ಒಮ್ಮೆ ಒತ್ತಿದರೆ ಅರ್ಧ ನಿಮಿಷ ಓಡುತ್ತದೆ. ಹಾಗಿದ್ದರೆ ಆ ಒಂದು ಬಟನ್ನಿಗೆ ಗುರುತಿದ್ದರೆ ಸಾಕು. ನಾಲ್ಕು ಸಲ ಒತ್ತಿದರೆ ಎರಡು ನಿಮಿಷ. ಸ್ಟೀಲ್ ಪಾತ್ರೆ, ಚಮಚ ಒಳಗಿಡಬಾರದು. ಇಡೀ ಮೊಟ್ಟೆ ಸಿಡಿಯುತ್ತದೆ. ಬಿಸಿ ಒಂದೇ ಸಮನಾಗಿ ಹರಡುವುದಿಲ್ಲವಾದ್ದರಿಂದ ನಡುವೆ ಒಮ್ಮೆ ಕಲಕಿ, ಗಂಟೆ ಬಾರಿಸಿದ ಮೇಲೂ ಒಂದು ನಿಮಿಷ ಬಿಟ್ಟು ತೆಗೆಯಿರಿ. ಮುಚ್ಚಳವನ್ನು ಮುಖದಿಂದ ಆಚೆಗೆ ತೆರೆಯಿರಿ. ಹಬೆಯ ಸುಟ್ಟಗಾಯ ಬೆಂಕಿಯದಕ್ಕಿಂತ ಕಡಿಮೆಯೇನಲ್ಲ.

ಕೇಕು, ಬಿಸ್ಕತ್ತು ಮಾಡುವ ಓವನ್‌ನಲ್ಲಿ ಮೇಲೂ ಕೆಳಗೂ ಕಂಬಿಗಳು ಕಾದಿರುತ್ತವೆ. ತಟ್ಟೆಯ ಜಾಗವನ್ನು ಓವನ್ ತಣ್ಣಗಿರುವಾಗಲೇ ಮುಟ್ಟಿ ತಿಳಿದುಕೊಳ್ಳಿ. ಮೊಣಕೈವರೆಗೆ ಬರುವ ದಪ್ಪ ಕೈಗವಸು ತೊಡಿ. ಬಿಸಿ ತಟ್ಟೆ ಇಳಿಸುವ ಜಾಗವನ್ನು ಬಾಗಿಲು ತೆರೆಯುವ ಮೊದಲೇ ಖಾಲಿ ಮಾಡಿಕೊಳ್ಳಿ.

ಅಪಾಯವಾದರೆ

ಕೈ ಸುಟ್ಟರೆ ಬಳೆ, ಉಂಗುರ ತೆಗೆದು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ ಬೇಡ. ಗಾಯ ಅಂಗೈಗಿಂತ ದೊಡ್ಡದಾಗಿದ್ದರೆ, ಬೊಬ್ಬೆ ಎದ್ದಿದ್ದರೆ, ಅಥವಾ ಸುಟ್ಟವರು ಮಧುಮೇಹಿಯಾಗಿದ್ದರೆ ಆಸ್ಪತ್ರೆಗೆ ಬನ್ನಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಆಮೇಲೆ 1906ಕ್ಕೆ ಫೋನ್ ಮಾಡಿ. ಆಂಬುಲೆನ್ಸ್‌ಗೆ 108.

ಮನೆಯವರಿಗೆ ಎರಡು ಮಾತು

ಉಪ್ಪು, ಖಾರದಪುಡಿ, ಚಾಕು, ಇಕ್ಕಳ ಇವುಗಳ ಜಾಗ ಬದಲಿಸಬೇಡಿ. ಬಳಸಿದವರು ಅಲ್ಲೇ ಇಡಬೇಕು, ಮೊಮ್ಮಕ್ಕಳೂ ಸಹ. ಅಡುಗೆಮನೆಗೆ ಕಾಲಿಡುವಾಗ ‘ನಾನು ಬಂದೆ’ ಎಂದು ಹೇಳಿ ಬನ್ನಿ. ಕುದಿಯುವ ಸಾರು ಹಿಡಿದು ತಿರುಗಿದವರಿಗೆ ನೀವು ಡಿಕ್ಕಿಯಾಗಬಾರದು.

2012ರಲ್ಲಿ ಅಮೆರಿಕದ ‘ಮಾಸ್ಟರ್‌ಶೆಫ್’ ಅಡುಗೆ ಸ್ಪರ್ಧೆ ಗೆದ್ದ ಕ್ರಿಸ್ಟೀನ್ ಹಾ ದೃಷ್ಟಿ ಕಳೆದುಕೊಂಡವರು. ಯಾವುದು ಎಲ್ಲಿದೆ ಎಂದು ತಿಳಿಸಲು ಅವರ ಬಳಿ ಒಬ್ಬ ಸಹಾಯಕರಿದ್ದರು, ಅಡುಗೆ ಮಾಡಿದವರು ಅವರೇ. ಮನೆಯವರು ಮಾಡಬೇಕಾದ ಸಹಾಯವೂ ಅಷ್ಟೇ. ಮೊದಲ ಎರಡು ವಾರ ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಿ, ಕೈ ಹಾಕಬೇಡಿ. ಮೊದಲ ದಿನ ಬರೀ ನೀರು ಕಾಯಿಸಲಿ. ಅದು ಸಲೀಸಾದ ಮೇಲೆ ಕಾಫಿ, ಆಮೇಲೆ ಸಾರು. ನಿಮ್ಮ ಮನೆಯಲ್ಲಿ ಹೀಗೆ ಸೌಟು ಬಿಟ್ಟು ಕುಳಿತವರಿದ್ದರೆ ಈ ಅಂಕಣವನ್ನು ಅವರಿಗೆ ಓದಿ ಹೇಳಿ, ಇಂದೇ ಆ ಮೂರು ಚುಕ್ಕಿಗಳನ್ನು ಇಟ್ಟುಕೊಡಿ.